ಆರು ಅಂಕಿಯ ಗುಟ್ಟು

ರೀ,

ಎಂಟೂವರಿ ಬಸ್ಸಿಗೆ ಕೊಟ್ಟೂರಿನ ಆಧಾರ್ ಸೆಂಟರಿಗೆ ಹೊಂಟೀನಿ. ಇಷ್ಟು ವರ್ಷ ನನ್ನ ಆಧಾರಿಗೆ ನಿಮ್ಮ ಫೋನ್ ನಂಬರ್ ಇತ್ತಲ್ಲ, ಅದನ್ನ ತೆಗೆಸಿ ನನ್ನದು ಹಾಕಿಸ್ಕೊಂಡು ಬರ್ತೀನಿ. ಸಿಟ್ಟಿಲೆ ಅಲ್ರಿ. ಸ್ವಲ್ಪ ಸಿಟ್ಟೂ ಐತಿ ಅನ್ರಿ.

ರೊಟ್ಟಿ ಬುಟ್ಟ್ಯಾಗ ಅದಾವು, ಬದನಿಕಾಯಿ ಪಲ್ಯ ಮುಚ್ಚಿಟ್ಟೀನಿ. ಹನ್ನೊಂದಕ್ಕ ಎಮ್ಮಿಗೆ ನೀರು ಕುಡಿಸ್ರಿ, ಮರೀಬ್ಯಾಡ್ರಿ.

ಹೋದ ತಿಂಗಳು ಊರಾಗಿನ ಕಂಪ್ಯೂಟರ್ ಸೆಂಟರಿನ್ಯಾಗ ಸರ್ಕಾರದ ಹೊಲಿಗಿ ಮಿಷನ್ನಿಗೆ ಅರ್ಜಿ ಹಾಕಾಕ ಕುಂತಾಗ ಓಟಿಪಿ ನಿಮ್ಮ ಫೋನಿಗೆ ಬಂತು. ಫೋನ್ ಹಚ್ಚಿ ಕೇಳಿದ್ರ, "ಯಾರಿಗೂ ಹೇಳಬ್ಯಾಡ್ರಿ ಅಂತ ಬರದಾರ, ಹೆಂಗ ಹೇಳ್ಲಿ" ಅಂದ್ರಿ. ಆಧಾರ್ ನಂದು, ಗುಟ್ಟು ನಿಮ್ಮದು. ಆಮ್ಯಾಲೆ ಹೊಲದಿಂದ ಗಾಡಿ ಹೊಡಕೊಂಡು ಬಂದು, ಅಷ್ಟು ಮಂದಿ ಮುಂದ ನನ್ನ ಕಿವ್ಯಾಗ ಆರು ಅಂಕಿ ಮೆಲ್ಲಕ ಹೇಳಿದ್ರಿ. ಅಷ್ಟರಾಗ ಅದರ ಹತ್ತು ನಿಮಿಷ ಮುಗದಿತ್ತು. ಅರ್ಜಿಗೆ ಅವತ್ತೇ ಕೊನೇ ದಿನ, ಇನ್ನೊಂದು ತರಿಸೋದ್ರಾಗ ಅದರ ಹೊತ್ತೂ ಮುಗೀತು. ಕಂಪ್ಯೂಟರ್ ಮುಂದಿದ್ದ ಹುಡುಗಿ ಮುಖ ಮುಚ್ಕೊಂಡು ನಕ್ಕಳು, ನಾನು ನಗಲಿಲ್ಲ.

ಈಗ ಮತ್ತ ಅರ್ಜಿ ಕರದಾರ, ತಿಂಗಳ ಕೊನೀತನ ಟೈಮ್ ಐತಿ. ಇವತ್ತು ಹಾಕಿಸಿದ ನಂಬರ್ ಎಂಟು ದಿನದಾಗ ಬದಲಾಗ್ತೈತಂತ. ಈ ಸಲ ಓಟಿಪಿ ನನ್ನ ಕೈಗೇ ಬರ್ತೈತಿ, ನಿಮಗೂ ಹೇಳಂಗಿಲ್ಲ.

ಮಧ್ಯಾಹ್ನ ಉಂಡು ಮಲಗ್ರಿ. ಮೂರಕ್ಕ ಬರ್ತೀನಿ.

ಮತ್ತ ಒಂದು ಮಾತು. ಅವತ್ತು ರಾತ್ರಿ ಮನ್ಯಾಗ ಒಬ್ಬಾಕಿನ ಕುಂತು ನಾನೂ ನಕ್ಕೀನಿ. ನಿಮ್ಮ ಫೋನಿಗೆ ನನ್ನ ಓಟಿಪಿ ಬರಾದು ನಿಂತ್ರೂ, ಹಂಗ ಹೊಲದಿಂದ ಗಾಡಿ ಹೊಡಕೊಂಡು ಬಂದು ಕಿವ್ಯಾಗ ಏನರ ಹೇಳಾದು ಬಿಡಬ್ಯಾಡ್ರಿ.

ನಾಗರತ್ನ