ನಿಮ್ಮಪ್ಪ ಗ್ಯಾರೇಜಿಗೆ ಹೂ ಕೇಳಿದ್ದು

ನಿಡಘಟ್ಟ
೧೩–೧೧–೨೦೨೪, ಬುಧವಾರ

ಪ್ರೀತಿಯ ಶಶಿ ಅವರಿಗೆ,

ಹೇಗಿದ್ದೀರಿ? ಕಂಪನಿಯ ಯಂತ್ರಗಳ ಅಡಿಯಲ್ಲಿ ಮಲಗಿ ಮಲಗಿ ಹಿಡಿದ ಬೆನ್ನುನೋವು ಕಡಿಮೆಯಾಯಿತಾ? ಕಾರವಾರದ ಆ ಕ್ಯಾಂಪಿನಲ್ಲಿ ಎರಡು ಹೊತ್ತೂ ಅನ್ನವೇ ಎಂದಿದ್ದಿರಿ. ರಾಗಿಹಿಟ್ಟು ಕಳಿಸಿದರೆ ಮುದ್ದೆ ತೊಳಸುವವರು ಯಾರಾದರೂ ಇದ್ದಾರಾ, ಬರೆಯಿರಿ. ನಾವಿಲ್ಲಿ ಚೆನ್ನಾಗಿದ್ದೇವೆ. ಅತ್ತೆಯ ಮಂಡಿನೋವು ಎಂದಿನಂತೆ ಇದೆ. ನಿಮ್ಮ ಮಗಳು ಶೋಭಿತಾ ಮುಂದಿನ ಎರಡು ಹಲ್ಲು ಉದುರಿಸಿಕೊಂಡು, ಅದನ್ನೇ ದೊಡ್ಡ ಸಾಧನೆಯೆಂದು ಬೀದಿಗೆಲ್ಲ ತೋರಿಸಿಕೊಂಡು ಬರುತ್ತಿದ್ದಾಳೆ. ಫೋನಿರುವಾಗ ಕಾಗದ ಯಾಕೆ ಅನ್ನಬೇಡಿ. ಗ್ಯಾರೇಜಿನ ಮಾತೆತ್ತಿದ ತಕ್ಷಣ ನಿಮಗೆ ಸಿಗ್ನಲ್ ಹೋಗುತ್ತದೆ, ಹತ್ತು ತಿಂಗಳಿಂದ ನೋಡುತ್ತಿದ್ದೇನೆ. ಕಾಗದವನ್ನು ನಡುವೆ ಕಟ್ ಮಾಡಲಾಗುವುದಿಲ್ಲ.

ನೀವು ಹೋಗುವಾಗ ಬರೀ ಬಿರುಕು ಬಿಟ್ಟಿದ್ದ ಗ್ಯಾರೇಜಿನ ಹಿಂದಿನ ಗೋಡೆ, ಈ ಮಳೆಗಾಲದಲ್ಲಿ ನಾಲೆಯ ಜೌಗು ಕುಡಿದು ಹೊಟ್ಟೆ ಉಬ್ಬಿಸಿಕೊಂಡು ನಿಂತಿದೆ. ಹೋದ ತಿಂಗಳು ಚಾವಣಿಯ ಜಿಂಕ್ ಶೀಟೊಂದು ಕಳಚಿ, ರಿಪೇರಿಗೆ ಬಂದಿದ್ದ ಮೊಪೆಡ್ ಮೇಲೆ ಬಿತ್ತು. ಪುಣ್ಯಕ್ಕೆ ನಿಮ್ಮಪ್ಪ ಟೀ ಕುಡಿಯಲು ಹೋಗಿದ್ದರು. ಗಾರೆ ಕೆಲಸದ ಕೆಂಪಸಿದ್ದಯ್ಯನನ್ನು ಕರೆಸಿದೆವು. ಕರಣೆಯ ಹಿಡಿಯಿಂದ ಗೋಡೆಗೆ ಎರಡು ಸಲ ತಟ್ಟಿ, "ಇದ್ರಲ್ಲಿ ಏನೂ ಉಳ್ದಿಲ್ಲ ಕಣಮ್ಮ, ಕೆಡವ್‌ಬುಟ್ಟು ಒಸ್ದಾಗ್ ಕಟ್ಸಿ" ಎಂದ. ಮಾವ ತಲೆಯಾಡಿಸಿದರು. ಸಂಜೆ ವೆಲ್ಡಿಂಗಿನವನು ಬಂದು, ಗೋಡೆಗೆ ಕಂಬ ಆನಿಸಿ ಶೀಟು ಬದಲಾಯಿಸಿದರೆ "ಇನ್ನೂ ಅತ್ತು ವರ್ಸ ಬತ್ತದೆ" ಎಂದ. ಅದಕ್ಕೂ ತಲೆಯಾಡಿಸಿದರು. ಅವತ್ತಿನಿಂದ ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಕೇಳಿದ್ದೇ ಕೇಳಿದ್ದು. ಪಂಕ್ಚರ್ ಹಾಕಿಸಲು ಬಂದವರು, ಮದ್ದೂರು ಬಸ್ಸಿಗೆ ಕಾಯುವವರು, ಗ್ಯಾಸ್ ಸಿಲಿಂಡರಿನವನು, ಯಾರನ್ನೂ ಬಿಟ್ಟಿಲ್ಲ. ರಿಪೇರಿ ಎಂದವರಿಗೆ ರಿಪೇರಿಯ ತಾಪತ್ರಯ ವಿವರಿಸುತ್ತಾರೆ. ಕೆಡವಿ ಎಂದವರಿಗೆ, ಆ ಕಲ್ಲುಕಂಬಗಳನ್ನು ತಾವೇ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದ ಕಥೆ ಶುರು ಮಾಡುತ್ತಾರೆ. ಶಾಲೆಯಲ್ಲಿ ನಲವತ್ತು ಮಕ್ಕಳನ್ನು ಸಂಭಾಳಿಸಿ ಬರುವ ನಾನು ಮನೆಯಲ್ಲಿ ಈ ಒಬ್ಬರ ಕೈಯಲ್ಲಿ ಸೋತುಹೋಗಿದ್ದೇನೆ.

ನಿಜವಾದ ತೊಡಕು ನಮಗೆಲ್ಲ ಗೊತ್ತಿರುವುದೇ. ನೀವು ವಾಪಸ್ ಬರುವುದಾದರೆ ಹೊಸದು ಕಟ್ಟಬೇಕು. ಬರುವುದಿಲ್ಲವಾದರೆ, ಅವರ ಕೈಕಾಲು ಆಡುವಷ್ಟು ದಿನಕ್ಕೆ ಒಂದು ತೇಪೆ ಸಾಕು. ಇದನ್ನು ಅವರು ಬಾಯಿಬಿಟ್ಟು ಕೇಳುವುದಿಲ್ಲ, ನೀವು ಬಾಯಿಬಿಟ್ಟು ಹೇಳುವುದಿಲ್ಲ. ಕಾರಿನ ಕೆಲಸ ಹಿಡಿಯೋಣ, ಲಿಫ್ಟು ಹಾಕಿಸೋಣ ಎಂದು ನೀವು. ಬೈಕೇ ಸಾಕು ಎಂದು ಅವರು. ಅಷ್ಟಕ್ಕೆ ಸಂಕ್ರಾಂತಿಯ ಮಾರನೆಯ ದಿನವೇ "ಈ ಮುರುಕ್ಲು ಸೆಡ್ನಲ್ಲಿ ಇನ್ನು ಸ್ಪ್ಯಾನರ್ ಮುಟ್ಟಾಕಿಲ್ಲ" ಎಂದು ನೀವು ಬ್ಯಾಗು ಹೆಗಲಿಗೇರಿಸಿದಿರಿ, "ಓಗ್ಲಿ ಬುಡು" ಎಂದು ಅವರು ಕೂತರು. ನಡುವೆ ಸುದ್ದಿ ಹೊತ್ತು ಹೊತ್ತು ನನಗೂ ಅತ್ತೆಗೂ ಸಾಕಾಗಿದೆ. ನಿಮ್ಮಿಬ್ಬರ ಮೇಲೂ ನನಗೆ ಸಿಟ್ಟಿದೆ, ಮುಚ್ಚಿಡುವುದೇಕೆ.

ಕೊನೆಗೆ ಅತ್ತೆಯೇ ರೇಗಿ, "ಮನುಸ್ರನ್ನ ಕೇಳಿದ್ದು ಸಾಕು, ಓಗಿ ಪಟ್ಲದಮ್ಮನ್ನ ಕೇಳ್ಕಂಡ್ ಬನ್ನಿ" ಎಂದರು. ಶುಕ್ರವಾರ ಸ್ನಾನ ಮಾಡಿ, ಬಿಳಿ ಪಂಚೆಯುಟ್ಟು ಒಬ್ಬರೇ ಗುಡಿಗೆ ಹೋದರು. ಅಮ್ಮನ ಮೈಮೇಲಿನ ಹೂ ಬಲಕ್ಕೆ ಬಿದ್ದರೆ ಆಗುತ್ತದೆ, ಎಡಕ್ಕೆ ಬಿದ್ದರೆ ಇಲ್ಲ, ಇದು ಶೋಭಿತಾಗೂ ಗೊತ್ತು. ಬಂದು ಜಗುಲಿಯ ಮೇಲೆ ಕೂತು, ಬಲಕ್ಕೆ ಬಿತ್ತು ಎಂದರು. ಏನಂತ ಕೇಳಿದಿರಿ ಎಂದರೆ, "ರಿಪೇರಿ ಮಾಡ್ಸ್ಲಾ, ಒಸ್ದಾಗ್ ಕಟ್ಸ್ಲಾ ತಾಯಿ ಅಂದೆ" ಎನ್ನುವುದೇ? ಎರಡನ್ನೂ ಒಟ್ಟಿಗೇ ಕೇಳಿದರೆ ಅಮ್ಮ ಯಾವುದಕ್ಕೆ ಹೂ ಕೊಟ್ಟಳೆಂದು ತಿಳಿಯುವುದು? ಅತ್ತೆ ಹಣೆ ಚಚ್ಚಿಕೊಂಡರು. ಮತ್ತೆ ಹೋಗಿ ಸರಿಯಾಗಿ ಕೇಳಿ ಎಂದರೆ, ಒಂದೇ ವಿಷಯಕ್ಕೆ ಎರಡು ಸಲ ಹೂ ಕೇಳಬಾರದಂತೆ. ಐವತ್ತು ವರ್ಷ ಇಂಜಿನ್ ಬಿಚ್ಚಿ ಜೋಡಿಸಿದ ಮನುಷ್ಯ, ದೇವರ ಹತ್ತಿರ ಒಂದು ನೆಟ್ಟಗಿನ ಪ್ರಶ್ನೆ ಕೇಳಲಾರದೆ ಬಂದರಲ್ಲ ಎಂದು ಎರಡು ದಿನ ಅವರೊಂದಿಗೆ ನಾನು ಸರಿಯಾಗಿ ಮಾತಾಡಲಿಲ್ಲ.

ಸೋಮವಾರ ಬೆಳಿಗ್ಗೆ ನೋಡಿದರೆ, ಯಾರಿಗೂ ಹೇಳದೆ ಕೆಂಪಸಿದ್ದಯ್ಯನ ಜೊತೆ ಅಳತೆಯ ದಾರ ಹಿಡಿದು ನಿಂತಿದ್ದಾರೆ. ಪೂರ್ತಿ ಕೆಡವುವುದಂತೆ. ರಸ್ತೆಯ ಕಡೆಗೆ ದೊಡ್ಡ ಬಾಗಿಲು, ಒಳಗೆ ಕಾರು ಏರಿಸುವ ಲಿಫ್ಟಿಗೆ ಜಾಗ. ವಯಸ್ಸು ಎಪ್ಪತ್ತೆರಡು, ಬೈಕು ಬಿಟ್ಟು ಬೇರೇನೂ ಮುಟ್ಟಿದವರಲ್ಲ. ಇದೆಲ್ಲ ಯಾರಿಗೆ ಮಾವ ಎಂದು ಕೇಳಿದೆ. "ಸುಣ್ಣದ್ ಗೆರೆ ತುಳೀಬ್ಯಾಡ ಕಣಮ್ಮ, ಅತ್ಲಾಗ್ ನಿಂತ್ಕೊ" ಎಂದರು, ಅಷ್ಟೇ. ಇದೇ ೨೫ರ ಸೋಮವಾರ ಪಾಯದ ಪೂಜೆ ಗೊತ್ತು ಮಾಡಿದ್ದಾರೆ.

ಊಟದ ಕಡೆ ಗಮನವಿರಲಿ, ಬೆನ್ನಿಗೆ ಎಣ್ಣೆ ಹಚ್ಚಿಕೊಳ್ಳಿ. ಅತ್ತೆ ನಿಮ್ಮ ಹೆಸರಿನಲ್ಲಿ ದಿನಾ ದೀಪ ಹಚ್ಚುತ್ತಿದ್ದಾರೆ. ಮಾವನನ್ನು ಏನು ಬರೆಯಲಿ ಎಂದು ಕೇಳಿದ್ದಕ್ಕೆ "ಉಸಾರಾಗಿರು ಅಂತ ಬರಿ" ಎಂದರು. ಹಲ್ಲಿಲ್ಲದ ಮಗಳ ಮುತ್ತು ಇದರೊಂದಿಗಿದೆ.

ಇಂತಿ ನಿಮ್ಮ,
ಕುಸುಮ

ತಾ.ಕ.: ಲಕೋಟೆ ಅಂಟಿಸುವ ಮೊದಲು, ಪಾಯದ ಪೂಜೆಗೆ ಹೇಳಿ ಬರೋಣವೆಂದು ಪಟ್ಲದಮ್ಮನ ಪೂಜಾರಿ ದೊಡ್ಡಸಿದ್ದಯ್ಯನವರ ಹತ್ತಿರ ಹೋಗಿದ್ದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ. "ನಿಮ್ಮಾವ ಸೆಡ್ಡಿನ್ ಸುದ್ದಿನೇ ಎತ್ನಿಲ್ಲ ಕಣಮ್ಮ. ನನ್ ಮಗ ವಾಪಸ್ ಬತ್ತಾನಾ ತಾಯಿ ಅಂತ ಕೇಳ್ದ. ಎಡಕ್ಕೆ ಬಿತ್ತು. ಮನೇಲಿ ಯೋಳ್ಬ್ಯಾಡ ಅಂದವ್ನೆ." ಎಡಕ್ಕೆ ಬಿದ್ದಿದ್ದು ಶುಕ್ರವಾರ. ಅವರು ದಾರ ಹಿಡಿದದ್ದು ಸೋಮವಾರ. ಅತ್ತೆಗೆ ನಾನು ಹೇಳಿಲ್ಲ. ೨೫ಕ್ಕೆ ಮೊದಲು ಬನ್ನಿ. ಬರುವುದಿಲ್ಲ ಎನ್ನುವುದಾದರೆ ಅದನ್ನು ಅವರಿಗೆ ನೀವೇ ಹೇಳಿ. ಪಟ್ಲದಮ್ಮ ಹೇಳಿದ್ದನ್ನೇ ಕೇಳದವರು, ನಾನು ಹೇಳಿದರೆ ಕೇಳುವುದಿಲ್ಲ.