ಉಜ್ಜಮ್ಮ ತೊಳೆದ ರಿಯಾಕ್ಟರ್

ಸೋಮವಾರ, ಮಧ್ಯಾಹ್ನ
ಲ್ಯಾಬಿನಲ್ಲಿ ನೀನು ಬಿಟ್ಟುಹೋದ ಮೇಜು

ಪ್ರೀತಿಯ ಗುಬ್ಬಿ,

ನಿನ್ನ ಕಾಗದ ಬಂತು. ಕಂಪನಿಯಲ್ಲಿ ನಿನ್ನ ಪಕ್ಕದ ಕುರ್ಚಿಯನ್ನು ನನಗಾಗಿ ಹಿಡಿದಿಟ್ಟಿದ್ದೀಯ ಎಂದು ಓದಿ ನಕ್ಕೆ, ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಹಲೋ ಅನ್ನುವ ಮೊದಲೇ ತಮಾಷೆ ಶುರುಮಾಡುತ್ತೀಯ, ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕೂತುಕೊಂಡು ಓದು.

ನಮ್ಮ ಪುಡಿ ಕೆಲಸ ಮಾಡುವುದಿಲ್ಲ. ಎಂದೂ ಮಾಡಿರಲಿಲ್ಲ.

ಹೌದು, ನಾವಿಬ್ಬರೂ ಅರೆದು, ಸುಟ್ಟು, ಜರಡಿ ಹಿಡಿದ ಅದೇ ಬೂದು ಪುಡಿ. ಚಿಮಣಿಯ ಹೊಗೆಯನ್ನು ಇಂಧನವಾಗಿಸುತ್ತದೆ ಎಂದು ಎಲ್ಲರೆದುರು ತೋರಿಸಿದೆವಲ್ಲ, ಅದನ್ನು ನಂಬಿಯೇ ಕಂಪನಿ ನಿನಗೆ ಕೆಲಸ ಕೊಟ್ಟದ್ದಲ್ಲವೇ, ಅದೇ.

ನಾವು ಪುಡಿ ಹಾಕಿ ಕಾಯಿಸುತ್ತಿದ್ದ ಹಳೇ ರಿಯಾಕ್ಟರಿನ ವಾಷರ್ ಸವೆದಿತ್ತು, ಬದಲಾಯಿಸಿದೆ. ಬಿಸಿಯಾದಾಗ ಸೋರುತ್ತದೆಯೇ ನೋಡಬೇಕಿತ್ತು. ಸಾರಜನಕದ ಸಿಲಿಂಡರ್ ಖಾಲಿಯಾಗಿದ್ದರಿಂದ ನಮ್ಮ ಪ್ರಯೋಗದ ಹೊಗೆ ಅನಿಲವನ್ನೇ ಬಿಟ್ಟೆ. ಒಳಗೆ ಪುಡಿ ಹಾಕಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಕೆಳಗಿನ ಬಾಟಲಿಯಲ್ಲಿ ಎಂದಿನಷ್ಟೇ ಇಂಧನ ಇಳಿದಿತ್ತು. ಖಾಲಿಯಾಗಿಟ್ಟು ಒಮ್ಮೆ ಓಡಿಸಿ ನಾವು ಯಾಕೆ ನೋಡಲಿಲ್ಲ ಗುಬ್ಬಿ? ಇರುವ ಒಂದು ರಿಯಾಕ್ಟರಿಗೆ ಲ್ಯಾಬಿನವರೆಲ್ಲ ಸಾಲಾಗಿ ಕಾಯುತ್ತಿರುವಾಗ, ಖಾಲಿ ಕುಕ್ಕರ್ ಒಲೆಗಿಟ್ಟು ಸೀಟಿ ಎಣಿಸುವವರುಂಟೇ ಎಂದು ನೀನೇ ಹೇಳುತ್ತಿದ್ದೆ. ನಾನೂ ನಕ್ಕು ಒಪ್ಪಿದ್ದೆ.

ಮೇಷ್ಟ್ರಿಗೆ ತೋರಿಸಿದೆ. "ಗೋಡೆಗೆ ನಿಮ್ಮ ಪುಡಿನೇ ಮೆತ್ಕೊಂಡಿರುತ್ತಮ್ಮ, ತೊಳೆದು ಮತ್ತೆ ನೋಡು" ಅಂದರು. ತೊಳೆ ಎಂದು ನನಗೆ ಯಾರಾದರೂ ಎರಡು ಸಲ ಹೇಳಬೇಕೇ? ಆಸಿಡ್ ಹಾಕಿ ನೆನೆಸಿ, ತಂತಿ ಬ್ರಷ್ ಹಿಡಿದು, ನನ್ನ ಮುಖ ಕಾಣುವವರೆಗೂ ಉಜ್ಜಿದೆ. ಹಿಂದಿನ ಎಷ್ಟೋ ವಿದ್ಯಾರ್ಥಿಗಳ ಪ್ರಯೋಗಗಳಿಂದ ಒಳಗೆ ಕಟ್ಟಿದ್ದ ಕರಿಯೆಲ್ಲ ಸಿಂಕಿನಲ್ಲಿ ಹೋಯಿತು. ಎಷ್ಟು ಹಗುರ ಅನ್ನಿಸಿತು ಗೊತ್ತಾ.

ಆಮೇಲೆ ಹೊಸದಾಗಿ ಮಾಡಿದ ಪುಡಿ ಹಾಕಿ ಓಡಿಸಿದೆ. ಒಂದು ಹನಿಯೂ ಇಳಿಯಲಿಲ್ಲ. ಮತ್ತೆ ಓಡಿಸಿದೆ, ಇಲ್ಲ. ಕೆಲಸ ಮಾಡುತ್ತಿದ್ದದ್ದು ಆ ಕರಿ. ಯಾರ್ಯಾರು ಏನೇನು ಸುಟ್ಟದ್ದು ಸೇರಿ ಅದಾಗಿತ್ತೋ ಹೇಳುವವರಿಲ್ಲ. ನಮ್ಮ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಮೇಷ್ಟ್ರು ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ರಿಯಾಕ್ಟರಿನೊಳಗೆ ಇಣುಕಿದರು. "ತೊಳೆಯೋ ಮುಂಚೆ ಒಂಚೂರು ಕೆರೆದು ಇಟ್ಕೊಂಡಿದ್ದೀಯೇನಮ್ಮ?" ಎಂದು ಕೇಳಿದರು. ಇಲ್ಲ ಅಂದೆ. ಅವರು ಕನ್ನಡಕ ಒರೆಸಿಕೊಂಡು ಕ್ಲಾಸಿಗೆ ಹೋದರು. ನಮ್ಮ ಪುಡಿಯನ್ನು ನಂಬಿ ಕಂಪನಿ ಇನ್ನು ಪ್ರತಿವರ್ಷ ಇಲ್ಲಿಂದ ಹುಡುಗರನ್ನು ತೆಗೆದುಕೊಳ್ಳುತ್ತದೆಂದು ಅದೇ ಕ್ಲಾಸಿನಲ್ಲಿ ಹೇಳಿದ್ದರು.

ನಿಮ್ಮ ಹೊಸ ರಿಯಾಕ್ಟರ್ ಮೂರು ಮಹಡಿ ಎತ್ತರ, ಒಳಗೆಲ್ಲ ಕನ್ನಡಿಯ ಹಾಗೆ ಹೊಳೆಯುತ್ತದೆ ಎಂದು ಬರೆದಿದ್ದೀಯ. ಅದರಲ್ಲಿ ಆ ಕರಿ ಎಲ್ಲಿಂದ ಬರಬೇಕು? ಮಾಲೀಕರೆಲ್ಲ ಬಂದು ನಿಂತ ದಿನ ಅದರಿಂದ ಏನೂ ಇಳಿಯುವುದಿಲ್ಲ. ಪುಡಿ ಸರಿಯಿಲ್ಲ ಅನ್ನುವುದಿಲ್ಲ ಅವರು, ಈ ಹುಡುಗಿಯ ಕೈ ಸರಿಯಿಲ್ಲ ಅನ್ನುತ್ತಾರೆ. ಅದಕ್ಕೆ ಮೊದಲೇ ನೀನಾಗಿ ಹೇಳಿಬಿಡು. ಹೇಳಿದರೂ ಕೆಲಸ ಹೋಗುತ್ತದೆ, ಹೇಳದಿದ್ದರೂ ಹೋಗುತ್ತದೆ. ಹೇಳಿದರೆ ಮಾನವಾದರೂ ಉಳಿಯುತ್ತದೆ ಎನ್ನೋಣವೆಂದರೆ, ಅದಕ್ಕೂ ನನಗೆ ಧೈರ್ಯವಿಲ್ಲ. ಆ ಕುರ್ಚಿಯನ್ನು ಬೇರೆ ಯಾರಿಗಾದರೂ ಕೊಡು.

ನನ್ನ ಮೇಲೆ ಕೋಪವಿದ್ದರೆ ಬೈದು ಬರಿ. ಸುಮ್ಮನಿರಬೇಡ.

ಎಂದೆಂದೂ ನಿನ್ನ,
ಉಜ್ಜಮ್ಮ
(ನೀನೇ ಇಟ್ಟ ಹೆಸರು, ಇನ್ನು ಬದಲಾಯಿಸಲಾಗದು)

ಮರೆತ ಮಾತು: ಬ್ರಷ್ಷಿನ ತಂತಿಗಳ ಸಂದಿಯಲ್ಲಾದರೂ ಆ ಕರಿ ಒಂದಿಷ್ಟು ಉಳಿದಿರಬೇಕಲ್ಲ, ಅದನ್ನು ಪರೀಕ್ಷೆ ಮಾಡಿದರೆ ಏನೆಂದು ಗೊತ್ತಾಗುತ್ತದಲ್ಲ ಎಂದು ನೀನು ಖಂಡಿತ ಕೇಳುತ್ತೀಯ. ಮೇಷ್ಟ್ರು ಹೋದ ಮೇಲೆ ನನಗೂ ಅದೇ ಹೊಳೆದು ಸಿಂಕಿನ ಹತ್ತಿರ ಓಡಿದೆ. ಬ್ರಷ್ಷನ್ನೂ ಸೋಪು ಹಾಕಿ ತೊಳೆದು ಒಣಗಲು ಇಟ್ಟಿದ್ದೆ.