ಸುಲಿಯದೆ ಬಿಟ್ಟ ಹಾಳೆ

ಅಣ್ಣಾ,

ನೀನು ಕೈಯಾರೆ ಜೋಡಿಸಿದ ಕಂಪ್ಯೂಟರ್ ಇವತ್ತು ನನ್ನ ಜೀವ ಹಿಂಡಿತು. ಸಂಜೆಯೊಳಗೆ ಒಪ್ಪಿಸಬೇಕಾದ ಕಟ್ಟಡದ ನಕ್ಷೆ ಅದರಲ್ಲಿ ತಯಾರಾಗುತ್ತಿತ್ತು. ಪರದೆಯ ಮೂಲೆಯಲ್ಲಿ ಪ್ರೊಸೆಸರ್‌ನ ಬಿಸಿ ಎಂಬತ್ತೆಂಟು, ತೊಂಬತ್ಮೂರು ಡಿಗ್ರಿ ಎಂದು ಏರುತ್ತಲೇ ಇತ್ತು. ನೂರು ಮುಟ್ಟಿದರೆ ತಾನೇ ಆರಿಹೋಗುತ್ತದೆ. ಅಮ್ಮ ಡಬ್ಬದ ಮೇಲೆ ಕೈಯಿಟ್ಟು, "ಕೆಂಡ ಆಗಿದೆ ಕಣೇ, ಆರಿಸೇ," ಎಂದಳು. "ಸುಮ್ನಿರಮ್ಮ, ಇನ್ನೊಂಚೂರು," ಎನ್ನುವಷ್ಟರಲ್ಲಿ ಪರದೆ ಕಪ್ಪಾಯಿತು.

ಸಿಟ್ಟಿನಲ್ಲಿ ಮಗ್ಗುಲ ತಗಡು ಬಿಚ್ಚಿದೆ. ನಾನು ಫ್ಯಾನ್ ಉಲ್ಟಾ ಕೂರಿಸಿದ್ದಕ್ಕೇ ಇದು ಬಿಸಿಯಾಗುತ್ತದೆಂದು ಕೂಗಾಡಿದ್ದೆಯಲ್ಲ, ಅದನ್ನೇ ಮೊದಲು ನೋಡಿದೆ. ಸರಿಯಾಗೇ ಇದೆ, ಮಹಾರಾಯ! ಆಮೇಲೆ ಪ್ರೊಸೆಸರ್‌ನ ಬಿಸಿ ಹೀರಿಕೊಳ್ಳಲು ಅದರ ಮೇಲೆ ಕೂರಿಸಿದ್ದ ಕೂಲರ್ ಎತ್ತಿದೆ. ಅದರ ತಳದಲ್ಲಿ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ, ಜೋಡಿಸುವ ಮುನ್ನ ಸುಲಿಯಿರಿ ಎಂಬ ಕೆಂಪಕ್ಷರದ ಸಮೇತ. ಕೂಲರ್ ಕೂರಿಸಿದವನು ನೀನು. "ನೀನು ಮುಟ್ಬೇಡ, ನಿಂಗೆ ಗೊತ್ತಾಗಲ್ಲ," ಅಂದಿದ್ದೆ ನನಗೆ. ಆ ಫ್ಯಾನಿನ ಜಗಳಕ್ಕೇ ನೀನು ಮನೆ ಬಿಟ್ಟೆ. ಮತ್ತೆ ನಿನ್ನನ್ನು ನೋಡಿದ್ದು ಆಸ್ಪತ್ರೆಯಲ್ಲಿ. ನೀನು ಕಣ್ಣು ತೆರೆಯಲೇ ಇಲ್ಲ.

ಬಿಸಿಗೆ ಅಡ್ಡವಾಗಿದ್ದ ಹಾಳೆ ಸುಲಿದು, ಬಿಸಿಯನ್ನು ಕೂಲರ್‌ಗೆ ದಾಟಿಸುವ ಪೇಸ್ಟನ್ನು ಹೊಸದಾಗಿ ಹಚ್ಚಿದೆ. ನಕ್ಷೆ ಮುಗಿಯುವವರೆಗೂ ಬಿಸಿ ಅರವತ್ತು ದಾಟಲಿಲ್ಲ. ನಾನೇ ಸರಿ, ಕಣೋ. ಹಾಗೆಂದು ನಿನಗೆ ಹೇಳಲು ಫೋನನ್ನೂ ಕೈಗೆತ್ತಿಕೊಂಡಿದ್ದೆ.

ಅಮ್ಮ ಮೇಜು ಒರೆಸುತ್ತ, "ಈ ಕಸ ಬಿಸಾಕ್ಲಾ?" ಎಂದು ಹಾಳೆ ಎತ್ತಿದಳು. ಕಿತ್ತುಕೊಂಡೆ. ಒಣಗಿದ ಪೇಸ್ಟಿನ ಅಂಚಿನಲ್ಲಿ ನಿನ್ನ ಹೆಬ್ಬೆರಳಿನ ಗುರುತು, ಗೆರೆ ಗೆರೆಯೂ ಹಾಗೇ ಇದೆ.